ತಾಳ ತಪ್ಪಿದವಳು ನನ್ನ ಮಗಳಲ್ಲ

ನನ್ನ ಮಗಳಿಗೆ ತಾಳಜ್ಞಾನ ಇಲ್ಲ ಎಂಬುದು ಸುಳ್ಳು. ಆ ಸುಳ್ಳನ್ನು ಅವಳ ಬ್ಯಾಂಡ್ ಮಾಸ್ತರರ ಬಾಯಿಂದ ಹೇಳಿಸಿದವಳು ನಾನು. ಇಪ್ಪತ್ಮೂರು ವರ್ಷ ಅವಳು ಅದನ್ನು ನಂಬಿದಳು. ಅವಳು ನಂಬಿದ್ದನ್ನು ನಾನು ನೋಡುತ್ತ ಸುಮ್ಮನಿದ್ದೆ.

ಸುಜಾತಾ ಆಗ ಎಂಟನೆಯ ತರಗತಿ. ನಮ್ಮೂರು ಆರಗದಿಂದ ಬಸ್ಸಿನಲ್ಲಿ ಮಿರಜದ ಮರಾಠಿ ಶಾಲೆಗೆ ಹೋಗಿಬರುತ್ತಿದ್ದಳು. ಆ ವರ್ಷ ಶಾಲೆಯಲ್ಲಿ ಹುಡುಗಿಯರನ್ನೂ ಬ್ಯಾಂಡಿಗೆ ತೆಗೆದುಕೊಳ್ಳಲು ಶುರು ಮಾಡಿದ್ದರು. ಬ್ಯಾಂಡ್ ಕಲಿಸುವ ಮಾನೆ ಸರ್ ಜತ್ತದ ಕಡೆಯವರು, ನಮ್ಮಂಥವರ ಜೊತೆ ಕನ್ನಡದಲ್ಲೇ ಮಾತಾಡುವವರು. ಅವರು ಇವಳ ಕೊರಳಿಗೆ ಸೈಡ್ ಡ್ರಮ್ ಹಾಕಿದರು. ಹದಿನೈದೇ ದಿನಕ್ಕೆ ಮೊದಲ ಸಾಲಿನಲ್ಲಿ ನಿಲ್ಲಿಸಿದರು. ಮನೆಗೆ ಬಂದರೂ ಅವಳಿಗೆ ಅದೇ ಗುಂಗು. ಎರಡು ಕೋಲು ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾರಿಸುತ್ತಿದ್ದಳು. ದ್ರಾಕ್ಷಿ ತೋಟದಿಂದ ಬಂದ ನಮ್ಮ ಯಜಮಾನರು ಕೈಕಾಲನ್ನೂ ತೊಳೆಯದೆ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು.

ಒಂದು ಸಂಜೆ ಜೋಳ ಹಸನು ಮಾಡುತ್ತಿದ್ದ ನನ್ನ ಅತ್ತೆ ಮೊರ ಕೆಳಗಿಟ್ಟು ಕೇಳಿದರು: "ನಮ್ಮ ಮನ್ಯಾಗ ಯಾರಿಗೂ ಇಲ್ಲದ್ದು, ಈ ಹುಡುಗಿಗೆ ಎಲ್ಲಿಂದ ಬಂತ ಇದು?"

ಅವರು ಹೆಮ್ಮೆಯಿಂದಲೇ ಕೇಳಿದ್ದರು. ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ನನ್ನ ಅಪ್ಪ ಸಾಂಗ್ಲಿಯಲ್ಲಿ ಲಗ್ನದ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಜರಿ ಪಟ್ಟಿಯ ಕೆಂಪು ಕೋಟು ಹಾಕಿಕೊಂಡು ಮೆರವಣಿಗೆಯ ಮುಂದೆ ಬಿಸಿಲಲ್ಲಿ ನಡೆದು, ಬೀಗರ ಊಟವೆಲ್ಲ ಮುಗಿದ ಮೇಲೆ ಮಂಟಪದ ಹೊರಗೆ ಕೂತು ಉಣ್ಣುವವನು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಗೆಳತಿಯೊಬ್ಬಳ ಅಕ್ಕನ ಮದುವೆ. ಮೆರವಣಿಗೆಯಲ್ಲಿ ಅಪ್ಪ ನನ್ನನ್ನು ಕಂಡು ನಕ್ಕ. ಅವರು ಯಾರು ಎಂದು ಗೆಳತಿ ಕೇಳಿದಳು. ಗೊತ್ತಿಲ್ಲ ಎಂದೆ. ನಾನು ಮುಖ ತಿರುಗಿಸಿದ್ದನ್ನು ಅಪ್ಪ ನೋಡಿದ — ನೋಡಿದ್ದು ನನಗೆ ಗೊತ್ತು. ಅವನ ಕೈಯ ತಾಳ ತಪ್ಪಲಿಲ್ಲ.

ಮರುವರ್ಷ ಕಾಮಾಲೆಯಾಗಿ ತೀರಿಕೊಂಡ. ಅವ್ವ ನನ್ನನ್ನು ಕರೆದುಕೊಂಡು ಸೋದರಮಾವನ ಮನೆ ಸೇರಿದಳು. ನನ್ನ ಲಗ್ನ ಗೊತ್ತು ಮಾಡುವಾಗ ಮಾವ, ಹುಡುಗಿಯ ತಂದೆ ರೈಲ್ವೆಯಲ್ಲಿದ್ದರು ಎಂದ. ನಾನು ತಲೆ ತಗ್ಗಿಸಿ ಕೂತಿದ್ದೆ. ಹೀಗೆ ಆರಗದ ಒಕ್ಕಲುತನದ ಮನೆಯ ಸೊಸೆಯಾದೆ. ಹದಿನೈದು ವರ್ಷ ಯಾರೂ ಏನೂ ಕೇಳಿರಲಿಲ್ಲ — ಅತ್ತೆ ಆ ಮಾತು ಕೇಳುವವರೆಗೆ.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಇವಳು ಶಾಲೆಯ ಬ್ಯಾಂಡಿನ ಜೊತೆ ಸಾಂಗ್ಲಿಯ ಬೀದಿಯಲ್ಲಿ ಡ್ರಮ್ ಕಟ್ಟಿಕೊಂಡು ನಡೆದರೆ, ಅಪ್ಪನನ್ನು ಬಲ್ಲ ಯಾರೋ ಗುರುತು ಹಿಡಿದರೆ, ಇಂಥವನ ಮೊಮ್ಮಗಳು ಎಂದರೆ — ಇದೇ ಯೋಚನೆ. ಮೂರನೆಯ ದಿನ ದವಾಖಾನೆಗೆ ಹೋಗಿಬರುತ್ತೇನೆಂದು ಹೇಳಿ ಮಿರಜಕ್ಕೆ ಹೋದೆ. ಮಾನೆ ಸರ್ ವಾದ್ಯಗಳನ್ನಿಡುವ ಖೋಲಿಯಲ್ಲಿ ಡ್ರಮ್ಮಿನ ಚರ್ಮ ಬಿಗಿಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು, ಮಗಳ ಗುಣಗಾನ ಶುರು ಮಾಡಿದರು. ನಾನು ನಡುವೆ ತಡೆದು, ಅವಳನ್ನು ಬ್ಯಾಂಡಿನಿಂದ ತೆಗೆಯಿರಿ ಎಂದೆ. ಅವರು ಕಾರಣ ಕೇಳಿದರು. ಬಸ್ಸಿಗೆ ತಡವಾಗುತ್ತದೆ, ಓದು ಕೆಡುತ್ತದೆ ಎಂದೆ. ಹಾಗಾದರೆ ನೀವೇ ಮಗಳಿಗೆ ಹೇಳಿ ಬಿಡಿಸಿ ಎಂದರು. ಆದರೆ ನಾನು ಬೇಡವೆಂದರೆ ಅವಳು ಕೇಳುವವಳಲ್ಲ. ಅವಳ ಅಪ್ಪ ಅವಳ ಕಡೆಗೇ ನಿಲ್ಲುತ್ತಾರೆ.

"ಆಕಿಗೆ ತಾಳ ಬರಂಗಿಲ್ಲಂತ ನೀವಽ ಹೇಳ್ರಿ, ಸರ್," ಎಂದೆ. "ನಿಮ್ಮ ಮಾತು ನಂಬ್ತಾಳ."

ಅವರು ಡ್ರಮ್ಮನ್ನು ಪಕ್ಕಕ್ಕೆ ಸರಿಸಿದರು. "ಇಂಥಾ ಕೈ ನಾ ಇನ್ನೊಂದ ನೋಡಿಲ್ರಿ ಅಕ್ಕಾರ. ಹೆಂಗ ಹೇಳ್ಲಿ?"

"ಹೇಳದಿದ್ರ ಆಕೀ ಸಾಲೀನಽ ಬಿಡಸ್ತೀನ್ರಿ."

ಬಿಡಿಸುತ್ತಿದ್ದೆನೋ ಇಲ್ಲವೋ — ಈಗಲೂ ನನಗೆ ತಿಳಿಯದು. ಅವರು ಮಾತ್ರ ಅದನ್ನು ನಿಜವೆಂದೇ ತಿಳಿದರು. ಡ್ರಮ್ಮೋ ಶಾಲೆಯೋ ಎಂದು ಒಬ್ಬ ಮಾಸ್ತರನ ಮುಂದೆ ಇಟ್ಟರೆ ಅವನು ಏನು ಆರಿಸುತ್ತಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಇಟ್ಟೆ.

ಮರುದಿನ ಸುಜಾತಾ ಬಸ್ಸಿಳಿದು ಬಂದವಳು ಅಳಲಿಲ್ಲ. ಆ ಎರಡು ಕೋಲನ್ನು ತಾನೇ ಒಲೆಗೆ ಹಾಕಿದಳು. ಆಮೇಲೆ ನಮ್ಮ ಮನೆಯಲ್ಲಿ ಅವಳ ಬೆರಳು ತಾಟನ್ನಾಗಲಿ ಕಿಟಕಿಯನ್ನಾಗಲಿ ಬಡಿದದ್ದು ನಾನು ಕೇಳಲಿಲ್ಲ. ಆರತಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಾಗ ಪ್ರಸಾದದ ಡಬ್ಬಿ ಹಿಡಿದು ನಿಲ್ಲುತ್ತಿದ್ದಳು — ಕೈ ಖಾಲಿ ಇರದಿರಲೆಂದು. ಕಾಲೇಜಿಗೆ ಹೋಗುವಾಗ ಒಮ್ಮೆ ಮಿರಜ ಸ್ಟ್ಯಾಂಡಿನಲ್ಲಿ ಮಾನೆ ಸರ್ ಅವಳ ಹೆಸರು ಹಿಡಿದು ಕರೆದರಂತೆ. ಕೇಳಿಸದವಳಂತೆ ಬಸ್ಸು ಹತ್ತಿದೆ ಎಂದು ನನ್ನ ಮುಂದೆಯೇ ಹೇಳಿದಳು. ಆ ದಿನವಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಈಗ ಅವಳ ಮಗಳು ಶ್ರೇಯಾ ಅದೇ ಶಾಲೆಯಲ್ಲಿ ಆರನೆಯ ತರಗತಿ. ಬ್ಯಾಂಡಿಗೆ ಸೇರುವ ಫಾರ್ಮ್ ತಂದಿದ್ದಳು. ಕಳೆದ ತಿಂಗಳು ಪಾಲಕರ ಸಭೆಗೆ ಅಳಿಯನಿಗೆ ಬರಲಾಗದೆ ನಾನು ಸುಜಾತಾಳ ಜೊತೆ ಹೋಗಿದ್ದೆ. ಈಗ ಬ್ಯಾಂಡ್ ಕಲಿಸುವ ಟೀಚರು ಚಿಕ್ಕ ವಯಸ್ಸಿನವಳು. ವಾರಕ್ಕೆ ಮೂರು ಸಂಜೆ ತಾಲೀಮು ಇರುತ್ತದೆ, ಮಕ್ಕಳನ್ನು ಕರೆದೊಯ್ಯಲು ಯಾರಾದರೂ ಬರಲೇಬೇಕು ಎಂದಳು. ಊದುವ ವಾದ್ಯದ ಬಾಯಿಯನ್ನು ದಿನಾ ತೊಳೆಯಬೇಕು, ಒಬ್ಬರದು ಒಬ್ಬರು ಊದಬಾರದು. ಮೊದಲ ಕೆಲವು ತಿಂಗಳು ಮನೆಯಲ್ಲಿ ಬರೀ ಗದ್ದಲವೇ, ಯಾರೂ ನಗಬೇಡಿ. ಬಿಡುವುದಾದರೆ ಮಗು ತಾನೇ ಬಂದು ಹೇಳಲಿ, ಬೆನ್ನ ಹಿಂದೆ ನೀವು ಬಂದು ಹೆಸರು ತೆಗೆಸಬೇಡಿ — ಇದನ್ನು ಅವಳು ಎಲ್ಲರಿಗೂ ಹೇಳಿದ್ದು, ನನ್ನ ಕಡೆ ನೋಡಿಯೂ ಇರಲಿಲ್ಲ. ನನಗೆ ಕೂತ ಬೆಂಚೇ ಕಾದಂತಾಯಿತು.

ಆಗ ಸುಜಾತಾ ಎದ್ದು ನಿಂತಳು. ತಮ್ಮ ಮನೆಯಲ್ಲಿ ಯಾರಿಗೂ ತಾಳ ಇಲ್ಲ, ತನ್ನನ್ನು ಇದೇ ಶಾಲೆಯಲ್ಲಿ ಅದಕ್ಕೇ ತೆಗೆದುಹಾಕಿದ್ದರು, ಮಗಳಿಗೂ ಬಾರದಿದ್ದರೆ ನಾಲ್ಕು ಜನರ ಮುಂದೆ ಹೇಳಬೇಡಿ ಎಂದು ಮರಾಠಿಯಲ್ಲಿ ಕೇಳಿಕೊಂಡಳು. ಟೀಚರು, ತಾಳ ಬರುವುದಿಲ್ಲವೆಂದು ಯಾವ ಮಗುವಿಗೂ ತಾನು ಹೇಳುವುದಿಲ್ಲ, ಹೆಜ್ಜೆ ಹಾಕುತ್ತ ಹಾಕುತ್ತ ಅದು ಬರುತ್ತದೆ ಎಂದಳು. ಸುಜಾತಾ ತಲೆಯಾಡಿಸಿ ಕೂತಳು. ಅವಳ ಮೊಣಕೈ ನನ್ನ ಮೊಣಕೈಗೆ ತಾಗಿಕೊಂಡಿತ್ತು. ನಾನು ಆಗಲೂ —

ಮಿರಜದ ತನ್ನ ಮನೆಗೆ ಬಂದು ಫಾರ್ಮನ್ನು ಸಹಿ ಮಾಡದೆ ಮಡಚಿಟ್ಟಳು. "ನಾಳೆ ಹೋಗಿ ಹೆಸರು ತಗಸಿ ಬರ್ತೀನಿ, ಅವ್ವಾ. ನನಗಾದದ್ದು ಆಕಿಗೆ ಆಗೂದು ಬ್ಯಾಡ."

ಶ್ರೇಯಾ ಒಳಗೆ ಬಟ್ಟೆ ಬದಲಿಸುತ್ತಿದ್ದಳು. ಆಗ ಸುಜಾತಾಳಿಗೆ ಹೇಳಿದೆ. ಅಪ್ಪನ ಕೆಂಪು ಕೋಟಿನಿಂದ ಹಿಡಿದು ಮಾನೆ ಸರ್ ಖೋಲಿಯವರೆಗೆ ಎಲ್ಲವನ್ನೂ, ನೆಲ ನೋಡುತ್ತ ಹೇಳಿದೆ. ಮುಗಿದ ಮೇಲೆ ಅವಳು ಒಂದೇ ಮಾತು ಕೇಳಿದಳು.

"ನಾ ಚೊಲೋ ಬಾರಸ್ತಿದ್ದೆ ಅಂತ ಸರ್‌ಗ ಗೊತ್ತಿತ್ತಾ?"

"ಗೊತ್ತಿತ್ತು."

ಫಾರ್ಮ್ ಬಿಡಿಸಿ ಸಹಿ ಹಾಕಿದಳು. ನನ್ನನ್ನು ಆರಗದ ಬಸ್ಸಿಗೆ ಹತ್ತಿಸಲು ಅವತ್ತು ಅವಳು ಬರಲಿಲ್ಲ.

ಮಾನೆ ಸರ್ ಈಗ ಸಾಂಗ್ಲಿವಾಡಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಸುಜಾತಾ ವಿಳಾಸ ಹುಡುಕಿಕೊಂಡು ಒಬ್ಬಳೇ ಹೋಗಿ ಬಂದಳು. ಎರಡು ವಾರ ಮಾತಾಡದವಳು ಅವತ್ತು ಫೋನ್ ಮಾಡಿದಳು.

"ಎಂಬತ್ತರ ಮುದುಕರು ನನ್ನ ಮುಂದ ಕೈ ಮುಗದ್ರವ್ವಾ," ಎಂದಳು. "ನೀ ಮುಗೀಬೇಕಾದ ಕೈ ಅವರು ಮುಗದ್ರು."

ಇಷ್ಟು ಹೇಳಿ ಫೋನ್ ಇಟ್ಟಳು.

ನಿನ್ನೆ ಊಟಕ್ಕೆ ಕೂತಾಗ ಯಜಮಾನರಿಗೆ ನನ್ನ ಅಪ್ಪನ ಕೆಲಸ ಯಾವುದಿತ್ತೆಂದು ಹೇಳಿದೆ. ಮಗಳಿಗೆ ಮಾಡಿದ್ದನ್ನೂ ಹೇಳಿದೆ. ಅಪ್ಪನ ಮಾತು ಕೇಳುತ್ತ ಅವರು ಉಣ್ಣುತ್ತಲೇ ಇದ್ದರು. ಮಗಳ ಮಾತಿಗೆ ತಾಟು ಸರಿಸಿ ಎದ್ದು ಹೋದರು. ನಾಳೆ ಸಾಂಗ್ಲಿವಾಡಿಗೆ ಹೋಗುವವಳಿದ್ದೇನೆ. ಮಾನೆ ಸರ್ ಒಳಗೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕರೆಯದಿದ್ದರೆ ಬಾಗಿಲಲ್ಲೇ ನಿಂತು, ತಪ್ಪು ನನ್ನದೆಂದು ಹೇಳುತ್ತೇನೆ.