ಚೇಂಜ್‌ಓವರ್ ಪೆಟ್ಟಿಗೆಯೊಳಗಿನ ಹಲ್ಲಿ

ಕೊರೋನಾ ಕಾಟ ಮುಗಿದ ಮರುವರ್ಷದ ಬೇಸಿಗೆ. ನಾನಾಗ ಬೆಳಗಾವಿಯಲ್ಲಿ ಬಯೋಮೆಡಿಕಲ್ ಎಂಜಿನಿಯರ್. ಸುತ್ತಲಿನ ಆಸ್ಪತ್ರೆಗಳ ಯಂತ್ರ ನೋಡಿಕೊಳ್ಳುವ ಕೆಲಸ. ಒಂದು ಸಂಜೆ ಖಾನಾಪುರದ ಹೆರಿಗೆ ಆಸ್ಪತ್ರೆಯೊಂದರಿಂದ ಹೊರಡುವಷ್ಟರಲ್ಲಿ ಕರೆಂಟ್ ಹೋಯಿತು. ಅಂಗಳದಲ್ಲಿ ಜನರೇಟರ್ ಶುರುವಾಯಿತು, ವಾರ್ಡಿನ ದೀಪ ಮಾತ್ರ ಹತ್ತಲಿಲ್ಲ.

ಒಳಗೆ ದಿನ ತುಂಬದೆ ಹುಟ್ಟಿದ ಕೂಸೊಂದು ವಾರ್ಮರ್ ಕೆಳಗಿತ್ತು. ವಾರ್ಮರ್ ಎಂದರೆ ಎಳೆಮೈ ತಣ್ಣಗಾಗದಂತೆ ಮೇಲಿನಿಂದ ಕಾವು ಕೊಡುವ ಹೀಟರ್. ಅದರ ಬ್ಯಾಟರಿ ಹಳೆಯದು, ಅರ್ಧ ತಾಸು ನಡೆದರೆ ಪುಣ್ಯ. ಆಂಬುಲೆನ್ಸ್ ಬೇರೆ ರೋಗಿಯನ್ನು ಕರೆದುಕೊಂಡು ಬೆಳಗಾವಿಗೆ ಹೋಗಿತ್ತು.

ದೋಷವಿದ್ದದ್ದು ವಾರ್ಡಿನ ಹೊರಗಿನ ಕಾರಿಡಾರ್ ಗೋಡೆಯ ಚೇಂಜ್‌ಓವರ್ ಪೆಟ್ಟಿಗೆಯಲ್ಲಿ. ಲೈನ್ ಕರೆಂಟಿಗೊಂದು, ಜನರೇಟರಿಗೊಂದು ದೊಡ್ಡ ಸ್ವಿಚ್ ಅದರಲ್ಲಿರುತ್ತವೆ; ಒಂದು ಪೂರ್ತಿ ಬಿಡದೆ ಇನ್ನೊಂದು ಕೂಡುವುದಿಲ್ಲ. ಎಲೆಕ್ಟ್ರಿಷಿಯನ್ ಮಾರುತಿ ಜನರೇಟರಿನ ಸ್ವಿಚ್ ತಡಕಾಡಿ, ಅದನ್ನು ಎಳೆದು ಕೂಡಿಸುವ ಕಾಯಿಲ್ ಸುಟ್ಟಿದೆ, ಬೆಳಗಾವಿಯ ಆಟೋ ನಗರದಿಂದ ತರಿಸಬೇಕು ಎಂದ. ನನಗೂ ಹಾಗೇ ಅನ್ನಿಸಿತು. ಅಷ್ಟರಲ್ಲಿ ವಾರ್ಮರ್ ಕುಂಯ್‌ಗುಟ್ಟಿ ಆರಿತು. ಸಿಸ್ಟರ್ ಶೋಭಾ ಕೂಸನ್ನು ತಾಯಿಯ ಎದೆಗೊತ್ತಿ ಶಾಲು ಹೊದಿಸಿದರು.

ಬೆಂಚಿನ ಮೇಲೆ ಕೂತಿದ್ದ ಕೂಸಿನ ಅಜ್ಜಿ ಗಂಗವ್ವ ತನ್ನಷ್ಟಕ್ಕೇ ಅಂದಳು: "ನನ್ನ ಮೊಮ್ಮಗಾ ಉಳೀತಾನ."

ಎಲ್ಲೋ ಹಲ್ಲಿ ಲೊಚಗುಟ್ಟಿತು. ಅಜ್ಜಿ ತಕ್ಷಣ ಬೆರಳಿನಿಂದ ಬೆಂಚು ಕುಟ್ಟಿದಳು. "ಹಲ್ಲಿ ನುಡೀತು. ಖರೇ ಆಗತೈತಿ."

ಇಂಥ ಹೊತ್ತಿನಲ್ಲಿ ಶಕುನವೇ ಎಂದು ನನಗೆ ಸಿಟ್ಟು ಬಂತು. ಆದರೆ ಕಿವಿ ಬೇರೇನನ್ನೋ ಹಿಡಿದಿತ್ತು. ಸದ್ದು ಗೋಡೆಯದಲ್ಲ, ಪೆಟ್ಟಿಗೆಯ ತಗಡಿನೊಳಗಿನದು. ಅದೂ ನಾವು ಮುಟ್ಟದೇ ಬಿಟ್ಟಿದ್ದ ಲೈನ್ ಕರೆಂಟಿನ ಬಾಜುವಿನಿಂದ.

ಜನರೇಟರ್, ಮೇನ್ ಎರಡನ್ನೂ ಬಂದ್ ಮಾಡಿಸಿ ಮೊಬೈಲ್ ಬೆಳಕಿನಲ್ಲಿ ಆ ಸ್ವಿಚ್ ಬಿಚ್ಚಿದೆ. ಸಂದಿನಲ್ಲಿ ಒಂದು ಹಲ್ಲಿ ಜಜ್ಜಿಹೋಗಿ ಸ್ವಿಚ್ ಪೂರ್ತಿ ಬಿಡದಂತೆ ತಡೆದಿತ್ತು; ಜನರೇಟರಿನದು ಕೂಡದಿದ್ದದ್ದು ಅದಕ್ಕೇ. ಹಿಂದೆ ಬಟಾಣಿಯಂಥ ಏಳೆಂಟು ಬಿಳಿ ಮೊಟ್ಟೆಗಳು, ಪಕ್ಕದಲ್ಲಿ ಜೀವಂತ ಹಲ್ಲಿ. ಮಾರುತಿ ಸ್ಕ್ರೂಡ್ರೈವರ್ ಎತ್ತಿದ.

"ಹೊಡೀಬ್ಯಾಡೋ ತಮ್ಮಾ," ಎಂದಳು ಗಂಗವ್ವ. "ನಮ್ಮ ಕೂಸಿನ ಪರವಾಗಿ ಮಾತಾಡೇತಿ."

ಸತ್ತದ್ದನ್ನು ತೆಗೆದು ಜನರೇಟರ್ ಹಚ್ಚಿಸಿದೆ. ಸ್ವಿಚ್ ಟಕ್ಕೆಂದು ಕೂಡಿತು, ವಾರ್ಡಿನ ದೀಪವೂ ವಾರ್ಮರೂ ಹತ್ತಿದವು. ಸ್ವಲ್ಪ ಹೊತ್ತಿನ ಮೇಲೆ, ಕೂಸಿನ ಅಂಗಾಲು ಬೆಚ್ಚಗಾಗಿದೆ ಎಂದು ಸಿಸ್ಟರ್ ಹೇಳಿದರು.

ಮನೆಹಲ್ಲಿ ಒಮ್ಮೆಗೆ ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡುತ್ತದೆ. ಒಳ್ಳೆಯ ಸಂದು ಸಿಕ್ಕರೆ ಹಲವು ಹಲ್ಲಿಗಳು ಅಲ್ಲೇ ಇಡುತ್ತವೆ. ಮೊಟ್ಟೆಗೆ ಕಾವು ಬೇಕು, ಸದಾ ಕರೆಂಟ್ ಹರಿಯುವ ಸ್ವಿಚ್ ಸದಾ ಬೆಚ್ಚಗಿರುತ್ತದೆ. ಮರುದಿನ ಮೊಟ್ಟೆಗಳನ್ನು ಬಿಸಿಲು ತಾಗುವ ಗೋಡೆಯ ಬಿರುಕಿಗೆ ಸಾಗಿಸಿ, ಪೆಟ್ಟಿಗೆಯ ಕೇಬಲ್ ತೂತುಗಳನ್ನೆಲ್ಲ ಮುಚ್ಚಿಸಿದೆ. ಆಮೇಲೆ ಎಲ್ಲೇ ಯಂತ್ರ ಕೆಟ್ಟಿತೆಂದು ಕರೆ ಬಂದರೂ, ಅದರಲ್ಲಿ ಬೆಚ್ಚಗಿರುವ ಭಾಗ ಯಾವುದು ಎಂದು ಮೊದಲು ಕೇಳುತ್ತಿದ್ದೆ.