ಆಯಿಗೆ ತಿಳಿಯದ ಪುಸ್ತಕ

ಇಂದು ಬೆಳಿಗ್ಗೆ ಬಿಸಿಲಿಗೆ ಹಾಕಿದ ತಲೆದಿಂಬಿನಿಂದ ಕಾದ ಹತ್ತಿಯ ವಾಸನೆ ಬಂತು. ಹತ್ತಿಗೆಂಥ ವಾಸನೆ ಎಂದು ನೀವು ನಗಬಹುದು. ಹತ್ತಿ ಹಿಂಜುವವರ ಮನೆಯಲ್ಲಿ ಹುಟ್ಟಿದ ನನ್ನ ಮೂಗಿಗೆ ಮಾತ್ರ ಅದು ಆಯಿಯ ಸೆರಗಿನ ವಾಸನೆ.

ಆಯಿ ಎಂದರೆ ಅಪ್ಪನ ತಾಯಿ; ತಾಯಿಯಿಲ್ಲದ ನನ್ನನ್ನು ಹುಬ್ಬಳ್ಳಿಯ ಇಕ್ಕಟ್ಟಾದ ಓಣಿಯೊಂದರಲ್ಲಿ ಬೆಳೆಸಿದವಳು. ಆಗಿನ್ನೂ ಬ್ರಿಟಿಷರ ಕಾಲ. ನಾವು ಮುಸಲ್ಮಾನರು, ಮನೆಯಲ್ಲಿ ಆಡುತ್ತಿದ್ದುದು ಕನ್ನಡ. ಅಪ್ಪ ಗಾದಿ ಹೊಲಿಯುತ್ತಿದ್ದ. ಸಂಜೆ ನಾನು ಕನ್ನಡ ಸಾಲೆಯ ಪುಸ್ತಕ ಓದಲು ಕುಳಿತರೆ ಆಯಿ ನಡುನಡುವೆ ಬಾಯಿ ಹಾಕುತ್ತಿದ್ದಳು. ಪುಸ್ತಕದ ಅಜ್ಜಿ ಮೊಮ್ಮಗಳಿಗೆ ಮನೆತನದ ಕಥೆ ಹೇಳತೊಡಗಿದರಂತೂ ಮುಗಿಯಿತು. "ಆಕಿದೇನ್ ಕೇಳ್ತಿ? ನಮ್ಮಪ್ಪನ ಕಥಿ ಕೇಳಿಲ್ಲಿ" ಎಂದು, ಆತ ಹತ್ತಿ ಹಿಂಜುವ ಬಿಲ್ಲು ಹೊತ್ತು ಮುಗದ ಎಂಬ ಊರಿನ ಮನೆಮನೆಗೆ ಹೋಗುತ್ತಿದ್ದುದನ್ನು ಹೇಳುತ್ತಿದ್ದಳು. ನನ್ನ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ನಾನು ಜಾಣೆಯಾಗದಿರಲು ಅದೇ ಕಾರಣವೆಂದು ಈಗಲೂ ಹೇಳಿಕೊಳ್ಳುತ್ತೇನೆ.

ಒಂದು ದಿನ ಸಾಲೆಯಲ್ಲಿ ಪಕ್ಕದ ಹುಡುಗಿ, "ಈ ಪುಸ್ತಕದಾಗ ನಿಮ್ಮಂಥವ್ರು ಯಾರೂ ಇಲ್ಲಲ್ಲ?" ಎಂದಳು. ಪುಟ ತಿರುವಿ ನೋಡಿದೆ. ಖರೇ, ಇರಲಿಲ್ಲ. ಮನೆಗೆ ಬಂದು ಅತ್ತೆ. ಅಪ್ಪ ನನ್ನನ್ನು ಉರ್ದು ಸಾಲೆಗೆ ಹಾಕಿದ.

"ಇನ್ನ ಮ್ಯಾಲೆ ನಮ್ಮ ಪುಸ್ತಕ ಓದವಾ" ಎಂದ.

ಅಲ್ಲಿ ಹುಡುಗಿಯರು ನನ್ನ ಉರ್ದು ಕೇಳಿ ನಕ್ಕರು. ಮಧ್ಯಾಹ್ನ ಗೋಡೆಗೆ ಆತು ನಿಂತು ಒಬ್ಬಳೇ ರೊಟ್ಟಿ ತಿನ್ನುತ್ತಿದ್ದೆ. ಆದರೂ ಹಟ ಹಿಡಿದು ಕಲಿತೆ. ಆ ಪುಸ್ತಕದಲ್ಲಿ ನಮ್ಮಂಥ ಹೆಸರಿನ ಮಕ್ಕಳಿದ್ದರು, ನಮಾಜಿಗೆ ಹೋಗುವ ಅಜ್ಜನಿದ್ದ, ಅವನು ದಿನವೂ ನೀರು ಹಾಕುವ ಗುಲಾಬಿ ತೋಟವಿತ್ತು. ತಡವರಿಸದೆ ಓದಲು ಬಂದ ಸಂಜೆ ಆಯಿಯ ಎದುರು ಕುಳಿತು ಗಟ್ಟಿಯಾಗಿ ಓದಿದೆ. ಆಕೆ ಒಮ್ಮೆಯೂ ಬಾಯಿ ಹಾಕಲಿಲ್ಲ.

"ಛಲೋ ಓದ್ತಿ" ಎಂದಳು.

"ತಿಳೀತೇನ ಆಯಿ?"

"ಇಲ್ಲವಾ." ಪುಸ್ತಕವನ್ನು ಕೈಗೆತ್ತಿಕೊಂಡು ತಿರುವಿ, "ನಮ್ಮ ಪುಸ್ತಕ ಅಂತಾನಲ್ಲ ನಿಮ್ಮಪ್ಪ. ಮತ್ತ ನನಗ್ಯಾಕ ತಿಳೀವಲ್ದು?" ಎಂದಳು.

ಅಪ್ಪ ದೀಪದ ಕಡೆ ತಿರುಗಿ ಸೂಜಿಗೆ ದಾರ ಪೋಣಿಸತೊಡಗಿದ.

ಮರುದಿನದಿಂದ ಪಾಠವನ್ನು ಕನ್ನಡದಲ್ಲಿ ಹೇಳತೊಡಗಿದೆ. ಆಯಿಗಾಗಿ ಗುಲಾಬಿ ತೋಟವನ್ನು ಹತ್ತಿ ಹೊಲ ಮಾಡಿದೆ. "ಹತ್ತಿ ಹೊಲಕ್ಕ ದಿನಾ ಯಾರ ನೀರ ಹಾಕ್ತಾರ, ಹುಚ್ಚಿ!" ಎಂದು ಆಕೆ ಬಿದ್ದು ಬಿದ್ದು ನಕ್ಕಳು.

ಆ ಚಳಿಗಾಲದಲ್ಲಿ ಆಯಿ ಜ್ವರ ಬಂದು ತೀರಿಕೊಂಡಳು. ಆಮೇಲೆ ಎರಡೂ ಭಾಷೆಯ ಪುಸ್ತಕಗಳನ್ನು ಮನಸ್ಸಿನಲ್ಲೇ, ಸರಾಗವಾಗಿ ಓದುವವಳಾದೆ; ಸಾಲೆಯಲ್ಲಿ ಕಲಿಸುವವಳೂ ಆದೆ. ನಡುವೆ ತಡೆಯುವವರು ಯಾರೂ ಇರಲಿಲ್ಲ. ಮನೆಮಾತು ಯಾವುದೆಂದು ಕೇಳಿದವರ ಎದುರು ಮಾತು ತೇಲಿಸಿ ಬಿಡುತ್ತಿದ್ದೆ.

ಈಗ ಹುಬ್ಬಳ್ಳಿಯದೇ ವಿದ್ಯಾನಗರದ ಈ ಮನೆಯಲ್ಲಿ ಒಬ್ಬಳೇ ಇದ್ದೇನೆ. ಇಂದು ಮಧ್ಯಾಹ್ನ ಪಕ್ಕದ ಮನೆಯ ಹೊಸ ಸೊಸೆ ಬಟ್ಟಲು ಹಿಡಿದು ಸಕ್ಕರೆ ಕೇಳಲು ಬಂದಳು. ನನ್ನ ಹೆಸರು ಕೇಳಿದವಳು, "ಅಕ್ಕೋರ, ಮನ್ಯಾಗ ನೀವು ಏನ್ ಮಾತಾಡ್ತೀರಿ?" ಎಂದಳು.

"ಕನ್ನಡ."

"ಬರೇ ಕನ್ನಡನ?"

"ನಮ್ಮ ಆಯಿಗೆ ಬ್ಯಾರೆ ಬರ್ತಿದ್ದಿಲ್ಲವಾ. ಕುಂಡ್ರು, ಹೇಳತೇನಿ."

ಆಕೆ ಬಟ್ಟಲನ್ನು ಪಕ್ಕಕ್ಕಿಟ್ಟು ಕುಳಿತಳು.