ಹಸಿರು ಜೋಡಿಗೆ ಹುಟ್ಟಿದ ನೀಲಿ ಮರಿ

ಮೊಟ್ಟೆ ಒಡೆದು ಮರಿ ಬಂದದ್ದು ಮೊದಲು ಗೊತ್ತಾಗಿದ್ದು ಗಂಗತ್ತೆಗೆ. ಹುಟ್ಟಿದಾಗಿನಿಂದ ಕಿವಿ ಕೇಳದ, ಮಾತು ಬಾರದ ನಮ್ಮಪ್ಪನ ತಂಗಿಗೆ!

ಪಂಜರದೊಳಗೆ ಕಟ್ಟಿದ್ದ ಮಣ್ಣಿನ ಗಡಿಗೆಯ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಒಳಗೆ ಏನೋ ಮಿಸುಕಾಡಿತು... ನನ್ನ ಕಡೆ ತಿರುಗಿ ನಕ್ಕಳು.

ತೊಂಬತ್ತರ ದಶಕದ ಕೊನೆ ಅದು. ಬೆಲ್ಲದ ಬಾಗೇವಾಡಿಯಿಂದ ಹುಕ್ಕೇರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ಪಿಯುಸಿ ಸೈನ್ಸ್ ಓದುತ್ತಿದ್ದೆ. ಓದಿಗಿಂತ ಲವ್ ಬರ್ಡ್ಸ್ ಹುಚ್ಚೇ ಜಾಸ್ತಿ.

ಘಟಪ್ರಭಾ ಸ್ಟೇಷನ್ ಹತ್ತಿರದ ಅಂಗಡಿಯವ ಮೊದಲ ಜೋಡಿ ಕೊಡುವಾಗ ಒಂದು ಮಾತು ಹೇಳಿ ನನ್ನ ತಲೆ ಕೆಡಿಸಿದ್ದ. "ನೋಡಾಕ ಎರಡೂ ಹಸರ ಅದಾವ ತಂಗಿ. ಆದ್ರ ಈ ಗಂಡಿನ ತಾಯಿ ನೀಲಿ ಇತ್ತ. ಆ ನೀಲಿ ಎಂದರ ಒಂದ ದಿನ ಹೊರಗ ಬರತೈತಿ."

ಮೊದಲ ಮರಿಗಳೆಲ್ಲ ಹಸಿರೇ. ಆದರೂ ಕನಸಿನಲ್ಲಿ ಮಾತ್ರ ನೀಲಿ ಹಕ್ಕಿ ಬರುತ್ತಿತ್ತು.

ಅದೇ ಟೈಮಿಗೆ ಕಾಲೇಜಲ್ಲಿ ಜೆನೆಟಿಕ್ಸ್ ಪಾಠ. ಅಡಗಿದ ಬಣ್ಣ ಹೊರಗೆ ಕಾಣಬೇಕಾದರೆ ಅದು ತಂದೆ, ತಾಯಿ ಇಬ್ಬರಲ್ಲೂ ಇರಬೇಕಂತೆ. ಹಾಗಾದರೆ ಒಂದೇ ಗೂಡಿನ ಗಂಡು ಹೆಣ್ಣನ್ನೇ ಜೋಡಿ ಮಾಡಿದರಾಯಿತಲ್ಲ ಅಂದೆ.

ಅಪ್ಪನ ತಾಯಿ, ನಮ್ಮ ಆಯಿ, ಕೇಳಿದ್ದೇ ತಡ ಸಿಡಿದಳು. "ಅಣ್ಣ ತಂಗೀನ ಜೋಡಿ ಮಾಡ್ತಿ? ನಮ್ಮ ಮನ್ಯಾಗ ಇಂಥಾದ್ದ ನಡಿಯಂಗಿಲ್ಲ!"

ಹಕ್ಕಿಗೂ ಸೋಯರಿಕೆ ನೋಡುವವಳು. ಕೊನೆಗೆ ಅವಳೇ ದಾರಿ ಹೇಳಿಕೊಟ್ಟಳು... ತಂಗಿಯನ್ನು ಹೊರಗಿನ ಗಂಡಿಗೆ ಕೊಡು, ಅದರ ಮಗಳನ್ನು ಸೋದರಮಾವನಿಗೆ ಮಾಡು.

"ನಾನೂ ನಮ್ಮ ಸ್ವಾದರಮಾವನ್ನ ಮಾಡ್ಕೊಂಡೇನಲ್ಲ" ಅಂತ ನಾಚಿಕೆ ಬೇರೆ!

ಹಾಗೇ ಮಾಡಿದೆ. ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ನವಣೆ ಹಾಕುವುದು, ಯಾರ ಮಗಳು ಯಾರು ಅಂತ ಕಾಲಿಗೆ ಬಣ್ಣದ ರಿಂಗ್ ಹಾಕುವುದು, ಎಲ್ಲಾ ಗಂಗತ್ತೆ ಮತ್ತು ನಾನು.

ಈ ಗಂಗತ್ತೆ ಹೊಟ್ಟೆಯಲ್ಲಿದ್ದಾಗ ಆಯಿ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದಳಂತೆ. ಅದಕ್ಕೇ ಮಗಳಿಗೆ ಹೀಗಾಯಿತು ಅಂತ ಅವಳ ನಂಬಿಕೆ. ಬದನೆಕಾಯಿ ಅಂದರೆ ಅಷ್ಟು ಇಷ್ಟವಿದ್ದರೂ ಅವತ್ತಿನಿಂದ ಬಾಯಿಗಿಟ್ಟವಳಲ್ಲ.

ನಾವೆಲ್ಲ ರೊಟ್ಟಿ, ಬದನೆಕಾಯಿ ಎಣಗಾಯಿ ತಿನ್ನುವಾಗ ಎದ್ದು ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ಕರೆದರೂ ಬರುತ್ತಿರಲಿಲ್ಲ.

ಆ ಗಡಿಗೆಯ ಮರಿಗಳಿಗೆ ಪುಕ್ಕ ಬಂದವು. ಒಂದು ಹಸಿರು, ಇನ್ನೊಂದೂ ಹಸಿರು... ಕೊನೆಯದನ್ನು ಗಂಗತ್ತೆ ಅಂಗೈಯಲ್ಲಿಟ್ಟುಕೊಂಡು ಅಂಗಳದ ಬಿಸಿಲಿಗೆ ತಂದಳು.

ನೀಲಿ! ಬಿಳಿ ಬಟ್ಟೆಗೆ ಹಾಕುತ್ತೇವಲ್ಲ, ಆ ತಿಳಿನೀಲಿ.

ಈಗಲೂ ಕಣ್ಣು ಮುಚ್ಚಿದರೆ ಅಲ್ಲೇ ನಿಂತಿದ್ದೇನೆ. ಎಳೆ ಬಿಸಿಲು, ಗಂಗತ್ತೆಯ ಅಂಗೈ, ಅದರಲ್ಲಿ ಉಸಿರಾಡುವ ನೀಲಿ...

ಆಯಿ ಹತ್ತಿರ ಬರುತ್ತಾಳೆ. ಮರಿಯನ್ನು ನೋಡುತ್ತಾಳೆ, ಆಮೇಲೆ ಮಗಳನ್ನು.

"ಇದರ ಅವ್ವ ಏನರ ತಪ್ಪ ಮಾಡಿತ್ತೇನ?"

"ಇಲ್ಲ ಆಯಿ. ಅವ್ವ, ಅಪ್ಪ ಇಬ್ಬರ ರಕ್ತದಾಗೂ ಮೊದಲಿಂದ ಇತ್ತ. ಒಂದ ಮನಿತನ ಅಲ್ಲ? ಎರಡೂ ಕೂಡಿದ್ದಕ್ಕ ಹೊರಗ ಬಂತ."

ಆಯಿ ಕೇಳಿದಳು. "ಮತ್ತ ಗ್ರಹಣ?"

ಆಗ ತಿಳಿಯಿತು, ಅವಳು ಕೇಳುತ್ತಿರುವುದು ಹಕ್ಕಿಯ ಬಗ್ಗೆ ಅಲ್ಲ, ಸೋದರಮಾವನನ್ನು ಮದುವೆಯಾಗಿ ಹೆತ್ತ ಮಗಳ ಬಗ್ಗೆ.

"ಕಾಯಿ ಹೆಚ್ಚಿದ್ದಕ್ಕ ಅಲ್ಲ ಆಯಿ. ನೀ ಏನೂ ಮಾಡಿಲ್ಲ."

ಡಾಕ್ಟರ್ ಹೇಳಿದ ಮಾತಲ್ಲ ಅದು, ನನ್ನ ಅರೆಬೆಂದ ಪಿಯುಸಿ ಜ್ಞಾನ. ಆದರೆ ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಆಯಿ ಗಂಗತ್ತೆಯ ಕೆನ್ನೆ ಸವರಿದಳು. ಅತ್ತೆಗೆ ನಮ್ಮ ಮಾತೇನೂ ಗೊತ್ತಿಲ್ಲ, ಖುಷಿಯಿಂದ ಮರಿಯನ್ನು ಆಯಿಯ ಕೈಗೆ ಕೊಟ್ಟಳು. ಇಬ್ಬರೂ ಕಟ್ಟೆಯ ಮೇಲೆ ಎಷ್ಟೋ ಹೊತ್ತು ಹಾಗೇ ಕೂತಿದ್ದರು.

ಮರುದಿನ ಸಂತೆಗೆ ಹೊರಟ ಅಪ್ಪನನ್ನು ಆಯಿ ಬಾಗಿಲಲ್ಲೇ ನಿಲ್ಲಿಸಿದಳು. "ಬದನೀಕಾಯಿ ಎಳೀವು ನೋಡಿ ತಗೊಂಬಾ. ನನಗೂ ಸೇರಿಸಿ ತಗೊಂಬಾ."

ಅಪ್ಪ ಚೀಲ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತಾ ನಿಂತುಬಿಟ್ಟ.

ಮಾಡದ ತಪ್ಪಿಗೆ ಇಷ್ಟದ ತುತ್ತು ಬಿಟ್ಟು ಹಿತ್ತಲಲ್ಲಿ ಕೂತವರು ನಿಮ್ಮ ಮನೆಯಲ್ಲೂ ಇದ್ದಾರಾ?